ನಾನೇ ತುಂಬಿದ .308 ತೋಟಾ: ಸಾಫ್ಟ್‌ವೇರ್ ಹೇಳಿದ ಒತ್ತಡ ಎಷ್ಟು ನಿಜ?

ಮೊದಲ ವಾರ

ಕೊಲೊರಾಡೋದಲ್ಲಿ ಹಿಮ ಕರಗಿದೆ, ರೇಂಜಿಗೆ ಮತ್ತೆ ಹೋಗುತ್ತಿದ್ದೇನೆ. ಈ ಸಲದ ಕೆಲಸ ಒಂದೇ. ನನ್ನ .308 ವಿಂಚೆಸ್ಟರ್ ಕೋವಿಗೆ ನಾನು ತುಂಬುವ ತೋಟಾಗಳು ಸಿಡಿದಾಗ ಒಳಗೆ ಏಳುವ ಒತ್ತಡವನ್ನು ಕ್ವಿಕ್‌ಲೋಡ್ ಅನ್ನುವ ಸಾಫ್ಟ್‌ವೇರ್ ಎಷ್ಟು ಸರಿಯಾಗಿ ಹೇಳುತ್ತದೆ ಅಂತ ನೋಡಬೇಕು. ಈ ತೋಟಾಕ್ಕೆ ಅಮೆರಿಕದ ಕೋವಿ-ತೋಟಾ ತಯಾರಕರ ಸಾಮಿ ಸಂಸ್ಥೆ ಇಟ್ಟಿರುವ ಮಿತಿ 62,000 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡ್).

ಮದ್ದು ವಾರ್ಗೆಟ್, ಗುಂಡು 168 ಗ್ರೇನ್ (ಒಂದು ಗ್ರೇನ್ ಸುಮಾರು 0.065 ಗ್ರಾಂ), ನಳಿಕೆ 24 ಇಂಚು. ಮದ್ದಿನ ತೂಕವನ್ನು ಬೇಕೆಂದೇ ಬರೆಯುತ್ತಿಲ್ಲ. ನನ್ನ ನಳಿಕೆಗೆ ಸರಿಹೋದದ್ದು ನಿಮ್ಮದಕ್ಕೆ ಜಾಸ್ತಿ ಆಗಬಹುದು. ಅದಕ್ಕೆ ತೋಟಾ ತುಂಬುವ ಕೈಪಿಡಿಯನ್ನೇ ನೋಡಿ.

ಏನೂ ಬದಲಾಯಿಸದೆ ಲೆಕ್ಕ ಹಾಕಿದಾಗ ಸಾಫ್ಟ್‌ವೇರ್ ಕೊಟ್ಟದ್ದು ಸೆಕೆಂಡಿಗೆ 2,710 ಅಡಿ, ಸುಮಾರು 57,000 ಪಿಎಸ್ಐ. ಹತ್ತು ಗುಂಡು ಹೊಡೆದೆ. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫಿನ ಸರಾಸರಿ 2,640. ಎಪ್ಪತ್ತು ಅಡಿ ಕಮ್ಮಿ!

ಎರಡನೇ ವಾರ

ಮೊದಲ ಅನುಮಾನ ಕೇಸಿನ ಮೇಲೆ, ಅಂದರೆ ಮದ್ದು ತುಂಬುವ ಲೋಹದ ಕೊಳವೆಯ ಮೇಲೆ. ಒಳಗೆ ಎಷ್ಟು ಜಾಗ ಇದೆ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ದಪ್ಪ ಗೋಡೆಯ ಕೇಸಿನಲ್ಲಿ ಜಾಗ ಕಮ್ಮಿ, ಅದೇ ಮದ್ದಿಗೆ ಒತ್ತಡ ಜಾಸ್ತಿ.

ಹೊಡೆದ ಐದು ಕೇಸುಗಳನ್ನು ಮತ್ತೆ ಮೊದಲಿನ ಅಳತೆಗೆ ಒತ್ತದೆ, ಹಳೆಯ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ, ಬುಡದ ಪುಟ್ಟ ಬಟ್ಟಲು) ತೆಗೆಯದೆ ತೂಗಿದೆ. ಆಮೇಲೆ ಸಿರಿಂಜಿನಿಂದ ನೀರು ತುಂಬಿದೆ. ಕೇಸು ಕುತ್ತಿಗೆಯ ಕಡೆ ಸಣ್ಣದಾಗುವ ಭುಜದ ಒಳಗೆ ಗಾಳಿಯ ಗುಳ್ಳೆ ಸಿಕ್ಕಿಕೊಳ್ಳುತ್ತದೆ, ಬೆರಳಿಂದ ಮೆಲ್ಲಗೆ ತಟ್ಟಿದರೆ ಮೇಲೆ ಬರುತ್ತದೆ. ನೀರು ಬಾಯಿಯ ಮಟ್ಟಕ್ಕೆ ಸಮವಾಗಿರಬೇಕು, ಉಬ್ಬಬಾರದು. ಒಳಗೆ ಹಿಡಿಸಿದ ನೀರಿನ ತೂಕ ಸರಾಸರಿ 57.2 ಗ್ರೇನ್ ಬಂತು. ಸಾಫ್ಟ್‌ವೇರಿನಲ್ಲಿ ಇದ್ದದ್ದು 56. ಇದನ್ನು ಸರಿಪಡಿಸಿದ ಮೇಲೆ ಅಂತರ ಸ್ವಲ್ಪ ಇಳಿಯಿತು, ಪೂರ್ತಿ ಹೋಗಲಿಲ್ಲ.

ನಾಲ್ಕನೇ ವಾರ

ಇಲ್ಲಿಯೇ ನನಗೆ ನಿಜವಾದ ಪಾಠ ಸಿಕ್ಕಿದ್ದು. ಮದ್ದು ಉರಿಯುವ ವೇಗದ ಅಂಕಿಯನ್ನು ಇಳಿಸುತ್ತಾ ಬಂದೆ, ಲೆಕ್ಕ 2,640ಕ್ಕೆ ಕೂತಿತು. ಮತ್ತೊಮ್ಮೆ ಮೊದಲಿಂದ ಮಾಡಿದೆ. ಈ ಸಲ ಉರಿಯುವ ವೇಗವನ್ನು ಸ್ವಲ್ಪ, ಮದ್ದಿನ ಶಕ್ತಿಯನ್ನು ಸ್ವಲ್ಪ ಇಳಿಸಿದೆ. ಮತ್ತೆ 2,640. ಆದರೆ ಎರಡೂ ಲೆಕ್ಕದ ಒತ್ತಡದಲ್ಲಿ ಸಾವಿರ ಪಿಎಸ್ಐಗೂ ಜಾಸ್ತಿ ವ್ಯತ್ಯಾಸ ಇತ್ತು.

ಅಂದರೆ ವೇಗ ಹೊಂದಿತು ಅಂದ ಮಾತ್ರಕ್ಕೆ ಒತ್ತಡವೂ ಸರಿ ಅಂತ ಅಲ್ಲ. ಕ್ರೋನೋಗ್ರಾಫ್ ನೋಡುವುದು ಗುಂಡು ನಳಿಕೆಯಿಂದ ಹೊರಬಿದ್ದ ಮೇಲೆ. ಒಳಗೆ ಒತ್ತಡ ಎಷ್ಟು ಎತ್ತರಕ್ಕೆ ಏರಿ ಇಳಿಯಿತು ಅನ್ನುವುದು ಅದಕ್ಕೆ ಹೇಗೆ ಗೊತ್ತಾಗಬೇಕು? ಪ್ರೈಮರ್ ಚಪ್ಪಟೆಯಾಗಿಲ್ಲ, ಕೋವಿಯ ಹಿಂಬದಿ ಮುಚ್ಚುವ ಬೋಲ್ಟ್ ಸಲೀಸಾಗಿ ತೆರೆಯಿತು ಅಂತ ಸಮಾಧಾನ ಮಾಡಿಕೊಳ್ಳುವವರು ತುಂಬಾ ಜನ. ನಾನೂ ಹಾಗೇ ಇದ್ದೆ. ಒತ್ತಡ ಮಿತಿ ದಾಟಿದ ಮೇಲೂ ಈ ಗುರುತುಗಳು ಕಾಣದೇ ಇರಬಹುದು.

ಆರನೇ ವಾರ

ಅದೇ ಮದ್ದಿನ ಹೊಸ ಡಬ್ಬಿ ತೆರೆದೆ, ಲಾಟ್ ನಂಬರ್ (ತಯಾರಾದ ಕಂತಿನ ಸಂಖ್ಯೆ) ಬೇರೆ. ಅದೇ ತೂಕಕ್ಕೆ ಸರಾಸರಿ 25 ಅಡಿ ಜಾಸ್ತಿ. ನಾಲ್ಕು ವಾರ ಕೂತು ಹೊಂದಿಸಿದ ಅಂಕಿ ಆ ಹಳೆಯ ಡಬ್ಬಿಗೆ ಮಾತ್ರ. ಹೊಸದಕ್ಕೆ ಕೈಪಿಡಿಯ ಆರಂಭದ ತೂಕದಿಂದ ಮತ್ತೆ ಮೇಲೆ ಬರುತ್ತಿದ್ದೇನೆ.

ಈಗ ಸಾಫ್ಟ್‌ವೇರನ್ನು ಬಳಸುವುದು ಹೋಲಿಕೆಗೆ ಮಾತ್ರ. ಗುಂಡನ್ನು ಇನ್ನಷ್ಟು ಒಳಗೆ ಕೂರಿಸಿದರೆ ಒತ್ತಡ ಯಾವ ಕಡೆ ಹೋಗುತ್ತದೆ, ಈ ಎರಡು ಮದ್ದಿನಲ್ಲಿ ಯಾವುದು ಈ ನಳಿಕೆಯೊಳಗೆ ಪೂರ್ತಿ ಉರಿಯುತ್ತದೆ, ಇಂಥದ್ದಕ್ಕೆ ಅದು ಬಹಳ ಒಳ್ಳೆಯದು.

ತೋಟಾ ಕೂರುವ ಚೇಂಬರಿನ ಮೇಲೆ ಅಂಟಿಸಿ, ಹೊಡೆದಾಗ ಲೋಹ ಎಷ್ಟು ಹಿಗ್ಗುತ್ತದೆ ಅಂತ ಅಳೆಯುವ ಸ್ಟ್ರೇನ್ ಗೇಜ್ ತರಿಸಿದ್ದೇನೆ. ಶನಿವಾರ ಆ ಜಾಗದ ಬಣ್ಣ ಉಜ್ಜಿ ತೆಗೆದು ಅಂಟಿಸುತ್ತೇನೆ. ಹೋಲಿಸಿ ನೋಡಲು ಮೊದಲು ಹೊಡೆಯುವುದು ಕಾರ್ಖಾನೆಯ ತೋಟಾ, ನನ್ನದು ಆಮೇಲೆ.