ಗೊಂಬೆ ಹಬ್ಬದ ಮೊಸಳೆ ಮರಿ

ತಿಪಟೂರಿನ ನಮ್ಮ ಮನೆಯ ಶೋಕೇಸಿನಲ್ಲಿ ಒಂದು ಒಣಗಿದ ಪ್ರಾಣಿ ಇತ್ತು. ಅಜ್ಜಿ ರಾಮೇಶ್ವರ ಯಾತ್ರೆಗೆ ಹೋದಾಗ ಶಂಖ, ಕವಡೆ ಮಾರುವ ಅಂಗಡಿಯಿಂದ ತಂದಿದ್ದು. ಬೆರಳಿಗಿಂತ ಸ್ವಲ್ಪ ಉದ್ದ. ಮೈತುಂಬ ಗಟ್ಟಿ ಚಿಪ್ಪು, ಚೂಪು ಮೂತಿ, ಎರಡೂ ಪಕ್ಕ ಬೀಸಣಿಗೆಯಂಥ ರೆಕ್ಕೆ. ನಾವು ಮಕ್ಕಳು ಅದನ್ನು ಮೊಸಳೆ ಮರಿ ಅನ್ನುತ್ತಿದ್ದೆವು. ದಸರಾದಲ್ಲಿ ಗೊಂಬೆ ಕೂರಿಸುವಾಗ ಪಾರ್ಕ್ ಮಾಡುವುದು ನನ್ನ ಪಾಲಿನ ಕೆಲಸ. ಕನ್ನಡಿ ಚೂರಿನ ಕೆರೆ, ಸುತ್ತ ರಾಗಿ ಪೈರು, ಪೈರಿನ ನಡುವೆ ನಮ್ಮ ಮೊಸಳೆ.

ಹೋದ ವರ್ಷ ರಾಮೇಶ್ವರದ ಹತ್ತಿರದ ಪಾಂಬನ್‌ನ ಹೊಸ ರೈಲು ಸೇತುವೆ ನೋಡಲೇಬೇಕು ಅಂತ ನಮ್ಮವರು ಹಟ ಹಿಡಿದರು. ಹೋದೆವು. ಸೇತುವೆ ಚೆನ್ನಾಗಿದೆ. ಬೆಳಿಗ್ಗೆ ಅವರಿನ್ನೂ ಮಲಗಿದ್ದಾಗ ನಾನೊಬ್ಬಳೇ ಮಂಡಪಂ ದಡಕ್ಕೆ ಹೋದೆ. ಪಾಕ್ ಕೊಲ್ಲಿಯ ಕಡೆ ಅಲೆಯೇ ಇಲ್ಲ, ಕೆರೆ ಥರ. ನೀರಿನಡಿ ಹಸಿರು ಹುಲ್ಲು. ಇದು ಪಾಚಿ ಅಲ್ಲ. ಬೇರು ಬಿಟ್ಟು, ಹೂ ಬಿಡುವ ನಿಜವಾದ ಗಿಡ. ಡುಗಾಂಗ್ ಅನ್ನುವ ಕಡಲ ಹಸು ಮೇಯುವುದು ಇದನ್ನೇ.

ದಡದಲ್ಲಿ ಒಬ್ಬರು ಏಡಿ ಬಲೆ ಬಿಡಿಸುತ್ತಾ ಕೂತಿದ್ದರು. ಬಲೆ ತುಂಬ ಹುಲ್ಲಿನ ಎಳೆ. ಏಡಿ ಬುಟ್ಟಿಗೆ, ಮಿಕ್ಕಿದ್ದು ಪಕ್ಕಕ್ಕೆ. ಆ ಮಿಕ್ಕಿದ್ದರಲ್ಲಿ ನಮ್ಮ ಮೊಸಳೆ ಮರಿ! ರೆಕ್ಕೆ ಆಡಿಸುತ್ತಿತ್ತು.

“ಅಣ್ಣಾ, ಇದೇನು?” ನನ್ನ ಹರಕು ತಮಿಳು. ಅವರು ನಕ್ಕು, “ಇದಕ್ಕೆ ಕಾಸು ಕೊಡೋರಿಲ್ಲಮ್ಮಾ” ಅಂದರು. ನೀರು ಎತ್ತುವ ಪ್ಲಾಸ್ಟಿಕ್ ಮಗ್ಗಿಗೆ ಅದನ್ನು ಹಾಕಿ ನನ್ನ ಕೈಗೇ ಕೊಟ್ಟರು.

ಮಗ್ಗಿನೊಳಗೆ ಅದು ಈಜಲಿಲ್ಲ. ನಡೆಯಿತು! ಹೊಟ್ಟೆಯಡಿ ಕಡ್ಡಿಯಂಥ ಎರಡು ಈಜುರೆಕ್ಕೆ. ಅವನ್ನು ಒಂದಾದ ಮೇಲೊಂದು ಊರಿಕೊಂಡು, ಕೋಲು ಹಿಡಿದ ಮುದುಕರ ಹಾಗೆ ಒಂದು ಸುತ್ತು ಹಾಕಿತು. ಮೂತಿಯ ತುದಿಯಲ್ಲಿ ಬಾಯಿ ಹುಡುಕಿದೆ, ಸಿಗಲಿಲ್ಲ. ಅದು ಇರುವುದು ಮೂತಿಯ ಕೆಳಗೆ. ನೆಲದ ಸಣ್ಣ ಹುಳು, ಸೀಗಡಿ ಜಾತಿಯವನ್ನು ಹೀರಿಕೊಳ್ಳಲು ಅದೇ ಅನುಕೂಲ ಅಲ್ವಾ? ನಾನು ಬೆರಳು ಹತ್ತಿರ ತಂದೆ. ಎರಡೂ ರೆಕ್ಕೆ ಪಟ್ಟಂತ ಅಗಲವಾಯಿತು.

ರೂಮಿಗೆ ಬಂದವಳೇ ಹುಡುಕಿ ಓದಿದೆ. ಶಾಸ್ತ್ರೀಯ ಹೆಸರು ಪೆಗಾಸಸ್ ವೊಲಿಟಾನ್ಸ್. 1758ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಇಟ್ಟಿದ್ದು. ಪೆಗಾಸಸ್ ಅಂದರೆ ಗ್ರೀಕ್ ಪುರಾಣದ ರೆಕ್ಕೆಯ ಕುದುರೆ, ವೊಲಿಟಾನ್ಸ್ ಅಂದರೆ ಹಾರಾಡುವುದು. ನೆಲ ಬಿಟ್ಟು ಏಳುವುದೇ ಅಪರೂಪವಾದ ಮೀನಿಗೆ ಎಂಥಾ ಹೆಸರು! ಇಂಗ್ಲಿಷಿನಲ್ಲಿ ಕಡಲ ಪತಂಗ. ಚೀನಾದಲ್ಲಿ ಕಡಲ ಗುಬ್ಬಚ್ಚಿ ಅಂತ ಕರೆದು, ಒಣಗಿಸಿ ಔಷಧಿಗೆ ಬಳಸುತ್ತಾರೆ. ಹಾಗಾಗಿ ಕಾಸು ಕೊಡೋರು ಇಲ್ಲದೇ ಇಲ್ಲ.

ಜಾಸ್ತಿ ಬೆರಗಾಗಿದ್ದು ಇದಕ್ಕೆ: ಇದು ಹಾವಿನ ಹಾಗೆ ಪೊರೆ ಕಳಚುತ್ತದೆ. ಅದೂ ಕೆಲವೇ ದಿನಗಳಿಗೊಮ್ಮೆ, ಇಡೀ ಮೈಯದ್ದು ಒಟ್ಟಿಗೆ. ಸುಮ್ನೆ ನೆಲದಲ್ಲೇ ಕೂತಿರುವ ಮೀನು, ಮೈಮೇಲೆ ಪಾಚಿ, ಸಣ್ಣಪುಟ್ಟ ಜೀವಿಗಳು ಅಂಟಿಕೊಳ್ಳುತ್ತವೆ. ಅಂಗಿ ಬಿಚ್ಚಿ ಎಸೆದ ಹಾಗೆ ಎಲ್ಲವೂ ಹೋಗುತ್ತದೆ. ಇದರ ಗಿಡ್ಡ ಮೂತಿಯ ಬಂಧು ಒಂದಿದೆ. ಅದು ಜೋಡಿಯಾಗಿಯೇ ಓಡಾಡುತ್ತದೆ. ಮುಸ್ಸಂಜೆಯಲ್ಲಿ ಗಂಡು ಹೆಣ್ಣು ಒಟ್ಟಿಗೆ ನೆಲ ಬಿಟ್ಟು ಮೇಲೇರಿ, ನೀರಿನಲ್ಲಿ ಮೊಟ್ಟೆ ಬಿಟ್ಟು, ಮತ್ತೆ ಕೆಳಗಿಳಿಯುವುದನ್ನು ಕೆಂಪು ಸಮುದ್ರದಲ್ಲಿ ನೋಡಿದ್ದಾರೆ. ಅದರ ಹಾರಾಟ ಅಷ್ಟೇ. ಇದನ್ನು ಓದಿದ ಮೇಲೆ, ಬಲೆಗೆ ಬಿದ್ದದ್ದರ ಜೋಡಿ ಅಲ್ಲೇ ಎಲ್ಲೋ ಇತ್ತೇನೋ ಅಂತ ಅನ್ನಿಸುತ್ತಲೇ ಇತ್ತು.

ನಾನದನ್ನು ಮೊಣಕಾಲು ನೀರಿಗೆ ಇಳಿದು ಹುಲ್ಲಿನಲ್ಲೇ ಬಿಟ್ಟಿದ್ದೆ. ಎರಡು ಹೆಜ್ಜೆ ಇಟ್ಟಿತು, ಅಷ್ಟೇ. ಯಾವುದು ಮೀನು, ಯಾವುದು ಮರಳು ಗೊತ್ತಾಗಲಿಲ್ಲ.

ಸಂಜೆ ಅಮ್ಮನಿಗೆ ಫೋನ್ ಮಾಡಿ, ಶೋಕೇಸಿನ ಮೊಸಳೆ ಇನ್ನೂ ಇದೆಯಾ ಅಂತ ಕೇಳಿದೆ.

“ಅಯ್ಯೋ, ಅದರ ಬಾಲ ಯಾವಾಗಲೋ ಮುರಿದಿತ್ತು ಕಣೇ. ಇರುವೆ ಬೇರೆ ಹತ್ತಿತ್ತು. ಹಬ್ಬಕ್ಕೆ ಧೂಳು ಹೊಡೆಯುವಾಗ ಕಸಕ್ಕೆ ಹಾಕಿದೆ. ಯಾಕೆ, ಬೇಕಿತ್ತಾ?”