ಅಘನಾಶಿನಿ ಗುಡ್ಡದ ಕವಳಿ ಹಣ್ಣು

ಮೇ ಕೊನೆಯ ವಾರ. ಮಳೆ ಇನ್ನೂ ಹಿಡಿದಿರಲಿಲ್ಲ. ಗೋಕರ್ಣದ ಗದ್ದಲ ಸಾಕಾಗಿ ತದಡಿಗೆ ಬಂದೆ. ಅಲ್ಲಿ ಬೈಕುಗಳ ಸಂದಿಯಲ್ಲಿ ನಿಂತು ದೋಣಿಯಲ್ಲಿ ಹೊಳೆ ದಾಟಿದರೆ ಆಚೆ ದಡವೇ ಅಘನಾಶಿನಿ, ನನ್ನ ಗೆಳತಿಯ ತವರು. ಸಮುದ್ರ ನೋಡೋಕೆ ಹೋಗ್ತೀನಿ ಅಂತ ಮನೇಲಿ ಹೇಳಿದ್ದೆ, ನಿಜಕ್ಕೂ ಹೋಗಿದ್ದು ಕವಳಿ ಹಣ್ಣಿಗೆ.

ಮಂಗಳೂರು ಕಡೆ ಕರಂಡೆ ಅಂತಾರಲ್ಲ, ಅದೇ ಇದು. ಬೇಕರಿ ಕೇಕಿನ ಮೇಲೆ ಕೆಂಪಗೆ ಕೂತಿರುವ ‘ಚೆರ್ರಿ’ ಎಷ್ಟೋ ಸಲ ಇದೇ ಕಾಯಿ, ಸಕ್ಕರೆ ಪಾಕದಲ್ಲಿ ಮುಳುಗಿ ಬಣ್ಣ ಬಳಿದುಕೊಂಡು ಬಂದಿದ್ದು.

ಊರ ಹಿಂದಿನ ಗುಡ್ಡದಲ್ಲಿ ಬರೀ ಚಿರೆಕಲ್ಲು, ಬಿಸಿಲಿಗೆ ಕಾವಲಿ ಥರ ಕಾದಿತ್ತು. ಕವಳಿ ಪೊದೆಗೆ ಅಂಥ ಜಾಗವೇ ಬೇಕು. ಕೈ ಹಾಕಿದರೆ ಮುಳ್ಳು, ಅದೂ ಜೋಡಿ ಮುಳ್ಳು. ಹಣ್ಣು ಕೊಯ್ದ ಕೂಡಲೇ ತೊಟ್ಟಿನಿಂದ ಬಿಳಿ ಹಾಲು ಒಸರಿ ಬೆರಳೆಲ್ಲ ಅಂಟು. ನಾನು ಕಪ್ಪಗೆ ಮಾಗಿದ್ದನ್ನೇ ಆರಿಸುತ್ತಿದ್ದೆ. ಗೆಳತಿಯ ಆಯಿ ನೋಡಿ ನಕ್ಕರು. "ತಂಗೀ, ಕೆಂಪಿದ್ದಿದ್ದೂ ಸ್ವಲ್ಪ ಕೊಯ್ಯಿ." ಹುಳಿ ಅಲ್ವಾ ಅಂದುಕೊಂಡು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಆಯಿ ಮಾತ್ರ ಸುಮ್ನೆ ತಮ್ಮ ಬುಟ್ಟಿಗೆ ಕೆಂಪು ಕಾಯಿ ತುಂಬಿಕೊಂಡರು, ಉಪ್ಪಿನಕಾಯಿಗಂತೆ.

ಸಂಜೆ ಕೈಗೆ ಕೊಬ್ಬರಿ ಎಣ್ಣೆ ತಿಕ್ಕಿ ಅಂಟು ಬಿಡಿಸಿಕೊಂಡು ಜಾಮ್ ಮಾಡಲು ಒಲೆ ಮುಂದೆ ಕೂತೆ. ಹಣ್ಣನ್ನು ಸ್ವಲ್ಪ ನೀರಲ್ಲಿ ಬೇಯಿಸಿ, ಕಿವುಚಿ, ಬೀಜ ಹೋಗುವ ಹಾಗೆ ಸೋಸಿ, ತಿರುಳಿನ ಸಮಕ್ಕೆ ಸಕ್ಕರೆ ಹಾಕಿ ತಿರುವಿದೆ, ತಿರುವಿದೆ, ತೋಳು ಬಿದ್ದುಹೋಗುವವರೆಗೂ ತಿರುವಿದೆ. ಬಣ್ಣವೇನೋ ಚೆಂದ, ಕಡು ಕೆಂಪು. ಆದರೆ ತಣ್ಣನೆ ತಟ್ಟೆಗೆ ಒಂದು ಹನಿ ಬಿಟ್ಟು ಓರೆ ಮಾಡಿದರೆ ಸರ್ರನೆ ಹರಿಯಿತು. ಜಾಮ್ ಗಟ್ಟಿಯಾಗಿ ಕೂರಲು ಬೇಕಾದ ಪೆಕ್ಟಿನ್ ಅರೆಮಾಗಿದ ಕಾಯಲ್ಲೇ ಜಾಸ್ತಿ, ಪೂರ್ತಿ ಮಾಗಿದರೆ ಕಮ್ಮಿಯಾಗುತ್ತೆ. ಓದಿದ್ದೆ, ಗುಡ್ಡದಲ್ಲಿ ನೆನಪಾಗಿರಲಿಲ್ಲ ಅಷ್ಟೆ.

ಮಾರನೇ ದಿನ ಆಯಿಯ ಬುಟ್ಟಿಯಿಂದ ಎರಡು ಬೊಗಸೆ ಕೆಂಪು ಕಾಯಿ ಬೇಡಿ ತಂದು, ಉಳಿದ ಕಪ್ಪು ಹಣ್ಣಿನ ಜೊತೆ ಬೇಯಿಸಿದೆ. ಈ ಸಲ ಹನಿ ತಟ್ಟೆ ಮೇಲೆ ಅಲ್ಲಾಡದೆ ನಿಂತಿತು. ಮೂರು ಬಾಟಲಿ ಆಯ್ತು.

ಆಯಿಗೆ ಒಂದು ಕೊಡಲು ಹೋದರೆ ಬೇಡ ಅಂದರು. ಮೊದಲ ದಿನದ ನೀರು ಪಾಕಕ್ಕೆ ತಣ್ಣೀರು, ಚಿಟಿಕೆ ಉಪ್ಪು ಬೆರೆಸಿ ಲೋಟ ತುಂಬ ಕುಡಿಯುತ್ತಾ, "ಇದು ಇಲ್ಲೇ ಇರಲಿ" ಅಂದರು.