ಕಿರೀಟವಿಲ್ಲದ ಹದ್ದು

ಇವತ್ತು ಹರಾಜಿನ ಪುಟವೊಂದರಲ್ಲಿ ಪೋಲೆಂಡಿನ ಬೆಳ್ಳಿ ನಾಣ್ಯ ಕಣ್ಣಿಗೆ ಬಿತ್ತು. 1966ರದ್ದು, 100 ಜ್ಲಾಟಿ. ಒಂದು ಬದಿ ಪೋಲೆಂಡಿನ ಮೊದಲ ದೊರೆ ಮಿಯೆಷ್ಕೊ, ಅವನ ಹೆಂಡತಿ ದೊಂಬ್ರುಫ್ಕಾ. ‘ಪ್ರೂಬಾ’ ಅಂತ ಮುದ್ರೆ ಇದೆ, ಅಂದ್ರೆ ಮಾದರಿಗೆ ಹೊಡೆದದ್ದು.

ಜೂಮ್ ಮಾಡಿ ನೋಡ್ತಾನೇ ಕೂತೆ. ಇನ್ನೊಂದು ಬದಿಯಲ್ಲಿ ಪೋಲೆಂಡಿನ ಲಾಂಛನವಾದ ಹದ್ದು ರೆಕ್ಕೆ ಬಿಚ್ಚಿದೆ, ಕೊಕ್ಕು ಚೂಪಾಗಿದೆ. ತಲೆ ಮಾತ್ರ ಬೋಳು. ಆಗ ದೇಶ ಆಳುತ್ತಿದ್ದ ಕಮ್ಯುನಿಸ್ಟರು ಅದರ ಕಿರೀಟ ತೆಗೆದಿದ್ದರು.

966ರಲ್ಲಿ ಮಿಯೆಷ್ಕೊ ಕ್ರೈಸ್ತನಾದ. ಸಾವಿರ ವರ್ಷ ತುಂಬಿದಾಗ ಚರ್ಚ್ ಆ ದೀಕ್ಷೆಯನ್ನು ನೆನೆಯಿತು, ಸರ್ಕಾರ ‘ರಾಜ್ಯಕ್ಕೆ ಸಾವಿರ ವರ್ಷ’ ಅಂತ ಹಬ್ಬ ಮಾಡಿತು. ಪೋಪ್ ಆರನೇ ಪಾಲ್ ಬರ್ತೀನಿ ಅಂದರೂ ಸರ್ಕಾರ ಬಿಡಲಿಲ್ಲ!

ದೊರೆ ಬೇಕು, ಕಿರೀಟ ಬೇಡ. ಎಷ್ಟು ಕಷ್ಟದ ಲೆಕ್ಕ ಅದು. 1990ರಲ್ಲಿ ಹದ್ದಿಗೆ ಕಿರೀಟ ವಾಪಸ್ ಬಂತು ಅಂತ ನೆನೆದು ನನಗೆ ನಿಜಕ್ಕೂ ಖುಷಿಯಾಯ್ತು.